ನೋರೀನ್ ಟ್ರೆಲೋರ್ ಕೌನ್ಸಿಲರ್ ಆಗಿದ್ದ ಕಾಲ

ಮರಿಂಬೂಲ ನಗರಸಭೆಗೆ ನೋರೀನ್ ಟ್ರೆಲೋರ್ ಪ್ರತಿ ಸಲವೂ ಸೋಲುವುದಕ್ಕೆಂದೇ ನಿಲ್ಲುತ್ತಿದ್ದಳು. ನಿಲ್ಲಿಸುತ್ತಿದ್ದವನು ಕೌನ್ಸಿಲರ್ ಕ್ಲೈವ್ ಪ್ಯಾಸ್ಕೋ, ಅವಳ ತೀರಿಹೋದ ಗಂಡನ ಗೆಳೆಯ. ಆ ಊರಲ್ಲಿ ಒಬ್ಬರಿಗೆ ಮುದ್ರೆ ಒತ್ತಿ ಬಂದುಬಿಡುವಂತಿಲ್ಲ. ಎಲ್ಲ ಹೆಸರುಗಳ ಮುಂದೆಯೂ ಒಂದು, ಎರಡು, ಮೂರು ಎಂದು ಇಷ್ಟದ ಕ್ರಮ ಬರೆಯಬೇಕು. ಮೊದಲನೆಯವರು ಸೋತರೆ ಮತ ಎರಡನೆಯವರಿಗೆ ಹರಿಯುತ್ತದೆ. ಈ ಕ್ರಮದಲ್ಲಿ ಬರೆಯಿರಿ ಎಂದು ಮತದಾರರಿಗೆ ಹಂಚುವ ನೋರೀನಳ ಕರಪತ್ರದಲ್ಲಿ ಎರಡನೆಯ ಹೆಸರು ಯಾವಾಗಲೂ ಕ್ಲೈವನದು. ಅವಳು ಬರೀ ಆಲಿಕೆ. ಸುರಿದದ್ದೆಲ್ಲ ಇಳಿಯುತ್ತಿದ್ದದ್ದು ಅವನ ಬಾಟಲಿಗೆ.

ಇದಕ್ಕೆ ಅವಳು ಒಪ್ಪುತ್ತಿದ್ದದ್ದು ಮಗಳಿಗಾಗಿ. ಮಾರ್ನಿಯ ಕಾಲುಗಳು ಹುಟ್ಟಿನಿಂದ ಸೆಟೆದುಕೊಂಡಿದ್ದವು. ನಗರಸಭೆಯ ಹಳೆಯ ಬಿಸಿನೀರಿನ ಕೊಳಕ್ಕೆ ಇಳಿಸಿದಾಗ ಮಾತ್ರ ಅವು ಸಡಿಲಾಗುತ್ತಿದ್ದವು, ಅಂದು ರಾತ್ರಿ ಹುಡುಗಿ ನರಳದೆ ಮಲಗುತ್ತಿದ್ದಳು. ಆ ಕೊಳವನ್ನು ಮುಚ್ಚುವ ಮಾತು ಆಗಾಗ ಏಳುತ್ತಿತ್ತು.

"ನಾನಿರೋ ತನಕ ಆ ಕೊಳ ಮುಟ್ಟೋಕೆ ಯಾರಿಗೂ ಬಿಡಲ್ಲ ಕಣೇ. ನೀನು ಹೆಸರು ಕೊಡು, ಸಾಕು," ಎನ್ನುತ್ತಿದ್ದ ಕ್ಲೈವ್.

ಈ ಸಲ ಹೆಸರುಗಳ ಸಾಲು ಗೊತ್ತುಮಾಡಲು ಚೀಟಿ ಎತ್ತಿದಾಗ ಮತಪತ್ರದ ಮೇಲ್ತುದಿಗೆ ಬಂದದ್ದು ನೋರೀನಳ ಹೆಸರು. ಮೂವತ್ತು ವರ್ಷ ಶಾಲೆಯ ಕ್ಯಾಂಟೀನಿನಲ್ಲಿ ಮಾಂಸ ತುಂಬಿದ ಪೈ ತಿನಿಸು ಬಿಸಿ ಮಾಡಿ ಕೊಟ್ಟವಳು, ಚಿಲ್ಲರೆ ಮರೆತು ಬಂದ ಮಕ್ಕಳಿಗೂ ಕೊಟ್ಟವಳು. ಆ ಮಕ್ಕಳೆಲ್ಲ ಈಗ ಮತದಾರರು. ಹಿಂದೆಲ್ಲ ತಳದಲ್ಲಿ ಹೂತಿರುತ್ತಿದ್ದ ಹೆಸರು ಮೇಲೆ ಕಂಡದ್ದೇ ತಡ, "ಅರೆ, ನಮ್ಮ ಪೈ ನೋರೀನ್!" ಎಂದು ಅದರ ಮುಂದೆ ಒಂದು ಬರೆದರು.

ಅವಳು ಗೆದ್ದಳು. ಅವಳ ಮತ ಈ ಸಲ ಹರಿದು ಬರದೆ, ಕೊನೆಯ ಕುರ್ಚಿ ಕೈತಪ್ಪಿ ಕ್ಲೈವ್ ಸೋತ.

ಮೊದಲ ಸಭೆಯಲ್ಲೇ ಅವಳು ಎದ್ದು ನಿಂತು, "ಬಿಸಿನೀರಿನ ಕೊಳದ ವಿಷಯ..." ಎಂದಳು.

"ಕೌನ್ಸಿಲರ್ ಟ್ರೆಲೋರ್, ಇದು ಕ್ಯಾಂಟೀನ್ ಅಲ್ಲ," ಎಂದ ಮೇಯರ್. "ಸರದಿ ಬಂದಾಗ ಮಾತಾಡಿ. ಸಾಸ್ ಬೇಕಿದ್ರೆ ನಾವೇ ಕೇಳ್ತೀವಿ."

ಸಭೆ ಗೊಳ್ಳೆಂದಿತು. ಕಿವಿಯವರೆಗೆ ಕೆಂಪಾಗಿ ನೋರೀನ್ ಕುಳಿತಳು, ಮತ್ತೆ ಏಳಲಿಲ್ಲ.

ಮಾರನೆಯ ದಿನ ಕ್ಲೈವ್ ಅವಳ ಅಡುಗೆಮನೆಗೆ ಬಂದು, ಅವಳೇ ಮಾಡಿಕೊಟ್ಟ ಚಹಾ ಕುಡಿಯುತ್ತ ಕುಳಿತ.

"ಯಾಕೆ ಈ ಹಿಂಸೆ ನಿಂಗೆ? ಬಿಟ್ಟುಬಿಡು. ಮರುಚುನಾವಣೆ ಏನಿಲ್ಲ. ನಿಂಗೆ ಬಿದ್ದ ಮತಾನೇ ಇನ್ನೊಂದ್ಸಲ ಎಣಿಸ್ತಾರೆ, ಎರಡನೇ ಹೆಸರು ನಂದು. ಕೊಳ ನಾನು ಉಳಿಸ್ತೀನಿ."

"ಆದ್ರೆ ಜನ ನಂಗೇ ಅಲ್ವಾ ಕ್ಲೈವ್ ಹಾಕಿದ್ದು?"

"ನಿಂಗೆಲ್ಲಿ ಹಾಕಿದ್ರು? ಮತ ಹಾಕದಿದ್ರೆ ದಂಡ ಅಂತ ಬಂದು, ಮೇಲಿಂದ ಕೆಳಕ್ಕೆ ನಂಬರ್ ಗೀಚಿ ಹೋಗೋ ಜನ ಅವರು. ತುದೀಲಿ ಕತ್ತೆ ಹೆಸರಿದ್ರೂ ಗೆಲ್ತಿತ್ತು."

ಸುಳ್ಳು. ಹಿಂದಿನ ಸಲ ತುದಿಯಲ್ಲಿದ್ದವನು ಠೇವಣಿ ಕಳೆದುಕೊಂಡಿದ್ದ. ಅದನ್ನು ಊರೇ ನೋಡಿತ್ತು, ನೋರೀನ್ ಕೂಡ ನೋಡಿದ್ದಳು. ಆದರೆ ತನ್ನನ್ನು ಕಡಿಮೆ ಎಂದವರ ಮಾತನ್ನು ನಂಬಿಯೇ ಅಭ್ಯಾಸವಾದವಳಿಗೆ ಅದು ನೆನಪಾಗಲಿಲ್ಲ.

ಗಾಲಿಕುರ್ಚಿಯಿಂದ ಮಾರ್ನಿ ಹೇಳಿದಳು: "ಬಿಡಬೇಡಮ್ಮ. ಅವನಿಗೆ ಬೇಕಾಗಿರೋದು ಕುರ್ಚಿ, ಕೊಳ ಅಲ್ಲ."

"ಮಾರ್ನಿ! ದೊಡ್ಡವರ ಹತ್ರ ಹಾಗಾ ಮಾತಾಡೋದು?"

"ಇರಲಿ ಬಿಡು, ಮಗು ಅದು," ಎಂದು ಕ್ಲೈವ್ ನಕ್ಕ. ಮಾರ್ನಿಗೆ ಇಪ್ಪತ್ತಾರು ವರ್ಷ.

ನೋರೀನ್ ರಾಜೀನಾಮೆ ಕೊಟ್ಟಳು. ಅವಳಿಗೆಂದು ಜನ ಬರೆದ ಮತಗಳು ಮತ್ತೊಮ್ಮೆ ಎಣಿಕೆಯಾಗಿ ಕ್ಲೈವನನ್ನು ಕುರ್ಚಿಗೆ ಏರಿಸಿದವು. ಮುಂದಿನ ಸಭೆಗೇ ಕೊಳ ಮುಚ್ಚುವ ಪ್ರಸ್ತಾಪ ಬಂತು. ತಾಯಿ ಮಗಳು ಸಾರ್ವಜನಿಕರ ಸಾಲಿನಲ್ಲಿ ಕುಳಿತಿದ್ದರು. ಮುಚ್ಚಲಿ ಎಂದ ಕೌನ್ಸಿಲರುಗಳು, ಬೇಡವೆಂದವರು ಸರಿಸಮವಾಗಿ ಕೈ ಎತ್ತಿದ ಮೇಲೆ ಉಳಿದದ್ದು ಒಂದೇ ಕೈ. ಕ್ಲೈವ್ ಮೇಯರನ ಮುಖ ನೋಡಿದ, ಮುಚ್ಚಲಿ ಎಂದು ಕೈ ಎತ್ತಿದ. ಉಪಮೇಯರ್ ಪದವಿ ಖಾಲಿಯಿತ್ತು.

"ಕ್ಲೈವ್! ಮಾತು ಕೊಟ್ಟಿದ್ಯಲ್ಲೋ!" ನೋರೀನ್ ಎದ್ದುಬಿಟ್ಟಳು.

"ಪ್ರೇಕ್ಷಕರು ಮಾತಾಡುವ ಹಾಗಿಲ್ಲ," ಎಂದ ಮೇಯರ್.

ಕ್ಲೈವ್ ಅವಳತ್ತ ತಿರುಗಲೂ ಇಲ್ಲ. "ಆಕೆಗೆ ಮಾತಾಡೋಕೆ ಕುರ್ಚಿ ಕೊಟ್ಟಿದ್ರು, ಮೇಯರ್ ಅವರೇ. ಬೇಡ ಅಂತ ಬಿಟ್ಟು ಹೋದ್ರು."

ಮತ್ತೆ ನಗು. ಅದೇ ಜನ, ಅದೇ ನಗು.

ಕೊಳಕ್ಕೆ ಮಣ್ಣು ತುಂಬಿ ಕಾರು ನಿಲ್ಲಿಸುವ ಜಾಗ ಮಾಡಿದರು. ಉದ್ಘಾಟನೆಗೆ ಉಪಮೇಯರ್ ಪ್ಯಾಸ್ಕೋ ತಾನೇ ಫೋನು ಮಾಡಿ ಅವಳನ್ನು ಕರೆದ. ಅವನು ಹಗ್ಗ ಎಳೆದಾಗ ಪರದೆ ಸರಿಯಿತು, ಹಿತ್ತಾಳೆಯ ಹಲಗೆಯ ಮೇಲೆ ಕಂಡಿತು: ಕೌನ್ಸಿಲರ್ ನೋರೀನ್ ಟ್ರೆಲೋರ್ ವಾಹನ ನಿಲುಗಡೆ.

"ನೋಡು, ನಿನ್ನ ಹೆಸರು ಶಾಶ್ವತ ಮಾಡ್ಬಿಟ್ಟೆ. ಮುಂದಿನ ಸಲಾನೂ ನಿಲ್ತೀಯ ತಾನೇ?"

"ಅಮ್ಮ, ಕಾಲು ಸೆಳೀತಿದೆ. ಮನೆಗೆ ಹೋಗೋಣ," ಎಂದಳು ಮಾರ್ನಿ.

"ಒಂದು ಫೋಟೋ ಕಣೇ, ಒಂದೇ," ಎಂದ ಕ್ಲೈವ್.

ಊರಿನ ಪತ್ರಿಕೆಯಲ್ಲಿ ಬಂದ ಆ ಫೋಟೋದಲ್ಲಿ ನೋರೀನ್ ನಗುತ್ತಿದ್ದಾಳೆ, ಅವಳ ಹೆಗಲ ಮೇಲೆ ಕ್ಲೈವನ ಕೈ ಇದೆ. ಮಾರ್ನಿ ಇಲ್ಲ. ಗಾಲಿಕುರ್ಚಿ ಹಲಗೆಗೆ ಅಡ್ಡ ಬರುತ್ತದೆಂದು ಫೋಟೋದವನು ಹೇಳಿದಾಗ ಅದನ್ನು ಪಕ್ಕಕ್ಕೆ ತಳ್ಳಿದವಳು ನೋರೀನೇ.