ನನ್ನ ಮಗಳ ಕೊಲೆಸ್ಟ್ರಾಲ್

ಧನ್ಯಾ ಹುಟ್ಟಿದ ದಿನದಿಂದಲೇ ಹಾಲು ಚೀಪುತ್ತಿರಲಿಲ್ಲ. ಎರಡೂ ಕಾಲಿನ ಎರಡನೇ, ಮೂರನೇ ಬೆರಳುಗಳು ಅಂಟಿಕೊಂಡಿದ್ದವು. ಅದೃಷ್ಟದ ಲಕ್ಷಣ ಎಂದರು, ಬಾಣಂತನಕ್ಕೆಂದು ಊರಿನಿಂದ ಬಂದಿದ್ದ ನನ್ನ ಅತ್ತೆ. ನಾನೂ ನಂಬಿದೆ.

ಮೂರು ವರ್ಷವಾದರೂ ಮಾತಿಲ್ಲ. ನಿದ್ದೆಯಿಲ್ಲ. ಮುಟ್ಟಿದರೆ ಚೀರುತ್ತಾಳೆ, ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಾಳೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನನಗೆ ಇಷ್ಟು ಚಂದದ ಮಗುವನ್ನು ಅಪ್ಪಿಕೊಳ್ಳುವ ಹಾಗೇ ಇಲ್ಲ. ಅಬುಧಾಬಿಯ ಖಲೀಫಾ ಸಿಟಿಯಲ್ಲಿ ನಾವಿದ್ದ ವಿಲ್ಲಾದ ಮೇಲಿನ ಮನೆಯವರಿಗೂ ಅವಳ ಚೀರಾಟ ಅಭ್ಯಾಸವಾಗಿತ್ತು. ನನಗೆ ಆಗಲಿಲ್ಲ.

ಆಟಿಸಂ ಎಂದವರು ಹಲವರು. ಕೊನೆಗೆ ದುಬೈಯ ಊದ್ ಮೇಥಾದಲ್ಲಿ ಉಡುಪಿ ಕಡೆಯ ಒಬ್ಬ ಜೆನೆಟಿಕ್ಸ್ ಡಾಕ್ಟರ್ ಮೊದಲು ಅವಳ ಸಾಕ್ಸ್ ಬಿಚ್ಚಿಸಿ ಬೆರಳು ನೋಡಿದರು. ಆಮೇಲೆ ಬ್ಲಡ್ ಟೆಸ್ಟ್ ಬರೆದರು.

ಅವಳ ಮೈ ಹುಟ್ಟಿನಿಂದಲೇ ಬೇಕಾದಷ್ಟು ಕೊಲೆಸ್ಟ್ರಾಲ್ ತಯಾರಿಸುತ್ತಿಲ್ಲ ಎಂದು ರಿಪೋರ್ಟ್ ಬಂತು. ಅಂಟಿಕೊಂಡ ಬೆರಳು ಅದರದೇ ಗುರುತಂತೆ.

ನನಗೆ ನಗು ಬಂತು, ನಾಚಿಕೆಗೆಟ್ಟ ನಗು. ಕೊಲೆಸ್ಟ್ರಾಲ್ ನಮ್ಮ ಮನೆಯ ಶತ್ರು. ನನ್ನ ಗಂಡ ಸತೀಶರ ಅಣ್ಣ ಅಬುಧಾಬಿಯಲ್ಲೇ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡ ಮೇಲೆ ತುಪ್ಪ ಖಲಾಸ್, ಬೆಣ್ಣೆ ಖಲಾಸ್, ಮೊಟ್ಟೆಯಲ್ಲಿ ಬಿಳಿ ಮಾತ್ರ. ಗಲ್ಫಿನಲ್ಲಿ ನಮ್ಮವರು ಇಬ್ಬರು ಸೇರಿದರೆ ಮೊದಲು ವೀಸಾದ ಮಾತು, ಆಮೇಲೆ ಕೊಲೆಸ್ಟ್ರಾಲಿನದು. ಧನ್ಯಾಗೂ ನಾನು ಬಿಳಿಯನ್ನೇ ತಿನ್ನಿಸಿದ್ದೆ. ಹಳದಿಯನ್ನು ಕೈಯಾರೆ ಸಿಂಕಿಗೆ ಸುರಿದಿದ್ದೆ.

ಡಾಕ್ಟರ್ ಚಿತ್ರ ಬರೆದು ತಿಳಿಸಿದರು. ನರಕೋಶದ ಸುತ್ತ ಒಂದು ತೆಳು ಪೊರೆ, ಅದರಲ್ಲಿ ಕೊಲೆಸ್ಟ್ರಾಲ್ ಇರಬೇಕು. ಸೆರೊಟೋನಿನ್ ಎಂಬ ರಾಸಾಯನಿಕದ ಸಂದೇಶ ಹಿಡಿಯುವ ರಿಸೆಪ್ಟರ್‌ಗಳು ಕೂತಿರುವುದು ಆ ಪೊರೆಯಲ್ಲೇ. ಕೊಲೆಸ್ಟ್ರಾಲ್ ಕಮ್ಮಿಯಾದರೆ, ದಾರಂದ ಸಡಿಲಾದ ಬಾಗಿಲಿನ ಹಾಗೆ, ಅವು ಸರಿಯಾಗಿ ಕೆಲಸ ಮಾಡುವುದಿಲ್ಲ. ನಿದ್ದೆಗೇಡಿಗೆ, ಈ ಚೀರಾಟಕ್ಕೆ ಅದೂ ಒಂದು ಕಾರಣ ಇರಬಹುದು, ಪೂರ್ತಿ ಯಾರಿಗೂ ಗೊತ್ತಿಲ್ಲ ಎಂದರು.

ಮರುದಿನದಿಂದಲೇ ಅವರು ಹೇಳಿದಂತೆ ಹಳದಿ ತಿನ್ನಿಸಿದೆ, ಕೊಲೆಸ್ಟ್ರಾಲ್ ಪೌಡರ್ ಕೊಟ್ಟೆ. ಎಂಟು ತಿಂಗಳು. ಮೈ ತುಂಬಿಕೊಂಡಿತು, ಅದು ಸುಳ್ಳಲ್ಲ. ಮಾತು ಬರಲಿಲ್ಲ. ಅಪ್ಪಿಕೊಳ್ಳಲು ಹೋದರೆ ಅದೇ ಚೀರಾಟ. ನನ್ನ ದೊಡ್ಡ ಮಗಳು ಕಿವಿ ಮುಚ್ಚಿಕೊಂಡು, "ಅಮ್ಮಾ, ಜಸ್ಟ್ ಲೀವ್ ಹರ್" ಎನ್ನುತ್ತಿದ್ದಳು.

ಮುಂದಿನ ಭೇಟಿಯಲ್ಲಿ ಗಂಟಲಲ್ಲಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ. "ಮೊದಲಿಂದ ಕೊಟ್ಟಿದ್ರೆ ಇವಳು ಸರಿ ಆಗ್ತಿದ್ಲಾ ಡಾಕ್ಟ್ರೇ?"

"ಇಲ್ಲ ಮಾರಾಯ್ರೆ. ತಿಂದ ಕೊಲೆಸ್ಟ್ರಾಲ್ ಮಿದುಳಿನ ಒಳಗೆ ಹೋಗುದಿಲ್ಲ. ಮೈಗೆ ಮಾತ್ರ. ನಿಮ್ಮದು ಎಂತ ತಪ್ಪೂ ಇಲ್ಲ."

ಸತೀಶರು ನಿಟ್ಟುಸಿರು ಬಿಟ್ಟರು. ನಾನು ಅಲ್ಲೇ ಅತ್ತುಬಿಟ್ಟೆ.

ತಪ್ಪು ನನ್ನದಾಗಿದ್ದರೆ ತಿದ್ದಬಹುದಿತ್ತಲ್ಲ.

ಈಗ ಆರು ತಿಂಗಳಾಯಿತು. ಹಳದಿ, ಪೌಡರ್ ಬಿಟ್ಟಿಲ್ಲ, ಮೈಗಾದರೂ ಆಗಲಿ. ಅಪ್ಪಿಕೊಳ್ಳಲು ಹೋಗುವುದನ್ನು ಬಿಟ್ಟಿದ್ದೇನೆ. ಅವಳು ಚಾಪೆಯ ಮೇಲೆ ಆಡುವಾಗ ಒಂದು ಮೊಳ ದೂರದಲ್ಲಿ ಸುಮ್ಮನೆ ಕೂರುತ್ತೇನೆ. ಅಷ್ಟು ದೂರವನ್ನು ಅವಳು ಸಹಿಸುತ್ತಾಳೆ, ದೇವರ ದಯೆ.

ಮೊನ್ನೆ ಬೆಳಿಗ್ಗೆ ಸಾರಿಗೆ ಬೇಳೆ ಇಡಲು ಚಾಪೆಯ ಬಳಿಯಿಂದ ಎದ್ದು ಅಡುಗೆಮನೆಗೆ ಹೋದೆ. ಸ್ವಲ್ಪ ಹೊತ್ತಿಗೆ ಧನ್ಯಾ ತಾನಾಗಿಯೇ ಎದ್ದು ಬಂದಳು. ನನ್ನ ಮುಖ ನೋಡಲಿಲ್ಲ. ನನ್ನ ಕಾಲಿನಿಂದ ಒಂದು ಮೊಳ ಬಿಟ್ಟು ನೆಲದ ಮೇಲೆ ಕೂತಳು.

ಗ್ಯಾಸ್ ಆರಿಸಿ ನಾನೂ ಕೂತೆ.