ಕಿವಿಗೆ ಕೇಳದ ಸೊನ್ನೆಗಳು

ಕಣ್ಣು ಪೂರ್ತಿ ಹೋದ ಮೇಲೆ ನಾನು ಮತ್ತೆ ಕೆಲಸಕ್ಕೆ ಬಂದ ದಿನ ಮ್ಯಾನೇಜರ್ ನನ್ನನ್ನು ತಮ್ಮ ಕೋಣೆಗೆ ಕರೆದು ಕೂರಿಸಿದರು. ಬಿಜೈಯಲ್ಲಿರುವ ಸಣ್ಣ ಕಂಪೆನಿ ನಮ್ಮದು. ಊರಿನ ಮನೆಗಳಿಗೆ, ಅಂಗಡಿಗಳಿಗೆ ಇಂಟರ್‌ನೆಟ್ ಕೊಡುವುದು ಅದರ ವ್ಯವಹಾರ. ಕಾಯಿಲೆ ದೃಷ್ಟಿಯ ಅಂಚಿನಿಂದ ಶುರುವಾಗಿ ನಡುವಿಗೆ ಬರುವ ತನಕ ನಾನು ಅಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೆ. ಆಮೇಲೆ ದೀರ್ಘ ರಜೆ ಹಾಕಿದೆ. ಬಿಳಿ ಕೋಲು ಹಿಡಿದು ನಡೆಯಲು ಕಲಿತೆ. ಪರದೆಯ ಮೇಲಿನದ್ದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಎಂಬ ಸಾಫ್ಟ್‌ವೇರ್ ಬಳಸಲು ಕಲಿತೆ. ಅದು ಕೈಹತ್ತಿದ ಮೇಲೇ ಹಿಂತಿರುಗಿದ್ದೆ.

"ನೀವು ಫೋನಿನಲ್ಲಿ ಚೆಂದ ಮಾತಾಡ್ತೀರಿ. ಕಸ್ಟಮರ್ ಕೇರಿಗೆ ಒಬ್ಬರು ಬೇಕು. ಎಂತ ಹೇಳ್ತೀರಿ?" ಎಂದರು.

ಅವರು ಕೆಟ್ಟ ಮನುಷ್ಯ ಅಲ್ಲ. ಸ್ವರದಲ್ಲಿ ನಿಜವಾದ ಕಾಳಜಿ ಇತ್ತು. ಅದಕ್ಕೇ ಬೇಡ ಎನ್ನುವುದು ಕಷ್ಟವಾಯಿತು.

"ನಾನು ಕೋಡೇ ಬರೀತೇನೆ ಸರ್. ಒಂದು ಕೆಲಸ ಕೊಟ್ಟು ನೋಡಿ. ಆಗದಿದ್ದರೆ ನಾನೇ ಬಂದು ಹೇಳ್ತೇನೆ."

ಅವರು ಕೊಟ್ಟದ್ದು ಎಲ್ಲರೂ ನಾಳೆ ನಾಳೆ ಎಂದು ಮುಂದೂಡಿದ್ದ ಕೆಲಸ. ಅಂಗಡಿ, ಕ್ಲಿನಿಕ್‌ನಂತಹ ಗ್ರಾಹಕರಿಗೆ ನಾವು ಬದಲಾಗದ ಒಂದು ಇಂಟರ್‌ನೆಟ್ ವಿಳಾಸ ಕೊಡುತ್ತೇವೆ. ಸಿಬ್ಬಂದಿ ಅದನ್ನು ಕೈಯಾರೆ ಟೈಪ್ ಮಾಡುತ್ತಾರೆ. ಟೈಪ್ ಮಾಡಿದ್ದು ಸರಿಯಾದ ವಿಳಾಸ ಹೌದೇ ಎಂದು ಪರೀಕ್ಷಿಸಿ, ಎಲ್ಲವನ್ನೂ ಒಂದೇ ರೂಪಕ್ಕೆ ತಂದಿಡುವ ಕೋಡ್ ಬೇಕಿತ್ತು. ನಮ್ಮ ಹಳೆಯ ವ್ಯವಸ್ಥೆಯಲ್ಲಿ ಇದಕ್ಕೆ ಸಿದ್ಧ ಸೌಲಭ್ಯ ಇರಲಿಲ್ಲ.

ಹಳೆಯ ಬಗೆಯ ವಿಳಾಸ ಸುಲಭ. ನಾಲ್ಕು ಸಂಖ್ಯೆ, ನಡುವೆ ಚುಕ್ಕಿ, ಯಾವುದೂ 255 ದಾಟಬಾರದು. ಅದನ್ನು ಬೇಗ ಮುಗಿಸಿದೆ. ಕಷ್ಟ ಇದ್ದದ್ದು ಹೊಸ ಬಗೆಯದರಲ್ಲಿ. ಅದರಲ್ಲಿ ಎಂಟು ಗುಂಪುಗಳು, ಅಂಕಿಗಳ ಜೊತೆ ಇಂಗ್ಲಿಷ್ ಅಕ್ಷರಗಳು, ನಡುವೆ ಕೋಲನ್. ಸಾಲಾಗಿ ಬರುವ ಸೊನ್ನೆಯ ಗುಂಪುಗಳನ್ನು ಬಿಟ್ಟು ಆ ಜಾಗದಲ್ಲಿ ಎರಡು ಕೋಲನ್ ಹಾಕಬಹುದು. 2001:db8:0:0:0:0:0:7 ಎಂದು ಬರೆದರೂ 2001:db8::7 ಎಂದು ಬರೆದರೂ ವಿಳಾಸ ಒಂದೇ.

ಕಣ್ಣಿದ್ದವರಿಗೆ ಇದು ಅನುಕೂಲ. ನನ್ನ ಸ್ಕ್ರೀನ್ ರೀಡರ್ ಮಾತ್ರ ಕೋಲನ್ನುಗಳನ್ನು ನುಂಗಿ "ಟೂ ಥೌಸಂಡ್ ಒನ್, ಡಿ ಬಿ ಎಯ್ಟ್, ಸೆವೆನ್" ಎಂದು ಓದಿ ಸುಮ್ಮನಾಗುತ್ತಿತ್ತು. ಐದು ಗುಂಪು ಸೊನ್ನೆಗಳ ಸುಳಿವೇ ಇಲ್ಲ. ಪ್ರತಿ ಚಿಹ್ನೆಯನ್ನೂ ಓದುವಂತೆ ಅದನ್ನು ಬದಲಾಯಿಸಿದೆ. ಆಗ ಕಿವಿಯ ತುಂಬ ಕೋಲನ್, ಕೋಲನ್. ಕೊನೆಯ ಗುಂಪಿಗೆ ಬರುವಷ್ಟರಲ್ಲಿ ಮೊದಲಿನದ್ದು ಮರೆತಿರುತ್ತಿತ್ತು.

ಪಕ್ಕದ ಮೇಜಿನ ಗೆಳತಿ ದೇರೆಬೈಲಿನವಳು, ತುಳು ಮನೆಯ ಹುಡುಗಿ, ಕೋಡ್ ಬರೆಯುವುದರಲ್ಲಿ ನನಗಿಂತ ಚುರುಕು.

"ಇದಕ್ಕೆಲ್ಲ ನೆಟ್ಟಲ್ಲಿ ರೆಡಿ ಉಂಟು ಮಾರಾಯ್ತಿ. ಒಂದೇ ಲೈನ್. ಕಾಪಿ ಮಾಡಿ ಹಾಕು, ಮುಗೀತು," ಎಂದಳು.

ಹಾಕಿ ಕೇಳಿದೆ. ಆವರಣ, ಗೆರೆ, ಪ್ರಶ್ನಾರ್ಥಕ, ಮತ್ತೆ ಆವರಣ. ತಗಡಿನ ಮಾಡಿನ ಮೇಲೆ ಜಲ್ಲಿ ಸುರಿದ ಹಾಗೆ. ನಾಳೆ ಇದರಲ್ಲಿ ತಪ್ಪು ಬಂದರೆ ಹುಡುಕುವುದು ಹೇಗೆ? ಅಳಿಸಿಬಿಟ್ಟೆ. ನನಗೆ ಕೇಳಿ ಅರ್ಥವಾಗುವ ಸಣ್ಣ ಸಣ್ಣ ಸಾಲುಗಳಲ್ಲಿ ನಾನೇ ಬರೆಯಲು ಕೂತೆ.

ಮೊದಲ ಸಲ ತೋರಿಸಿದಾಗ ಸೋತೆ. ಮ್ಯಾನೇಜರ್ ಎದುರಿಗೆ ಗೆಳತಿ ಬೇಕೆಂದೇ ಒಂದು ಕೆಟ್ಟ ವಿಳಾಸ ಟೈಪ್ ಮಾಡಿದಳು. ಜೋಡಿ ಕೋಲನ್ ಎರಡು ಕಡೆ ಇತ್ತು. ಹಾಗೆ ಬರೆದರೆ ಎಲ್ಲಿ ಎಷ್ಟು ಸೊನ್ನೆ ಬಿಟ್ಟಿದ್ದಾರೆಂದು ಯಾರೂ ಹೇಳಲಾರರು, ಆದ್ದರಿಂದ ಅದು ವಿಳಾಸವೇ ಅಲ್ಲ. ನನ್ನ ಕೋಡ್ ಅದನ್ನು ಸರಿ ಎಂದಿತು.

ಮ್ಯಾನೇಜರ್ ಮೆಲ್ಲಗೆ, "ಪರವಾಗಿಲ್ಲ. ಇದನ್ನು ಬೇರೆಯವರಿಗೆ ಕೊಡುವ, ಆಗದಾ?" ಎಂದರು.

"ಕೊಡಬೇಡಿ ಸರ್," ಎಂದೆ. ಸ್ವರ ನಾನು ಎಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂತು. "ಇಂಥ ತಪ್ಪು ಉಳಿದವರಿಗೂ ಆಗ್ತದೆ, ನನಗೂ ಆಗ್ತದೆ. ಅವರಿಗೆ ತಿದ್ದಲಿಕ್ಕೆ ಬಿಡ್ತೀರಲ್ಲ, ನನಗೂ ಬಿಡಿ."

"ಹೌದು ಸರ್, ನನ್ನದು ಹೋದ ತಿಂಗಳು ಇಡೀ ಬಿಲ್ಲಿಂಗನ್ನೇ ನಿಲ್ಲಿಸಿತ್ತಲ್ಲ," ಎಂದಳು ಗೆಳತಿ. ಮ್ಯಾನೇಜರ್ ನಕ್ಕರು. ಮುಂದಿನ ವಾರದ ತನಕ ಸಮಯ ಸಿಕ್ಕಿತು.

ಆ ಸಂಜೆ ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತಾ ಜೆಪ್ಪುವಿನ ನನ್ನ ಸ್ಟಾಪ್ ದಾಟಿ ಮುಂದೆ ಹೋದೆ. ಮುಂದಿನದ್ದರಲ್ಲಿ ಇಳಿದು, ಕೋಲಿನಿಂದ ರಸ್ತೆ ಬದಿಯನ್ನು ಕುಟ್ಟುತ್ತಾ, ನನ್ನ ಮೇಲೇ ಸಿಟ್ಟು ಮಾಡಿಕೊಂಡು ಹಿಂದಕ್ಕೆ ನಡೆದೆ.

ಮನೆಯಲ್ಲಿ ಮಮ್ಮಿ ಅಲಸಂಡೆ ಮುರಿಯುತ್ತಾ ಕೂತಿದ್ದರು. ಕುವೈತಿನ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾದವರು. ನಾನು ಲ್ಯಾಪ್‌ಟಾಪ್ ತೆರೆದೆ, ಅದು ಓದಲು ಶುರು ಮಾಡಿತು.

"ಎಂತ ಅದು, ಅರ್ಧಂಬರ್ಧ ಓದುವುದು?" ಎಂದು ಕೊಂಕಣಿಯಲ್ಲಿ ಕೇಳಿದರು. ಸೊನ್ನೆ ಬಿಟ್ಟು ಬರೆಯುವ ಕ್ರಮವನ್ನು ವಿವರಿಸಿದೆ. ಅವರಿಗೆ ಹಿಡಿಸಲಿಲ್ಲ. "ನಮ್ಮಲ್ಲಿ ಡಾಕ್ಟರ್ ಫೋನಿನಲ್ಲಿ ಮದ್ದು ಹೇಳಿದರೆ, ಬರೆದುಕೊಂಡದ್ದನ್ನು ಪೂರ್ತಿ ತಿರುಗಿ ಓದಿ ಹೇಳಬೇಕಿತ್ತು. ಗೊತ್ತಾಯ್ತು ಡಾಕ್ಟರ್ ಅಂದರೆ ಸಾಲದು. ಒಂದು ಸೊನ್ನೆ ಬಿಟ್ಟುಹೋದರೆ ಸಣ್ಣ ವಿಷಯವಾ ಅದು?"

ನಾನು ಇಷ್ಟರ ತನಕ ಮೊಟಕು ರೂಪವನ್ನೇ ಹಿಡಿದು ಪರೀಕ್ಷೆ ಮಾಡುತ್ತಿದ್ದೆ. ಮೊದಲು ಅದನ್ನು ಪೂರ್ತಿ ಬಿಡಿಸಿ ಬರೆಯಬೇಕು, ಪರೀಕ್ಷೆ ಆಮೇಲೆ. ಜೋಡಿ ಕೋಲನ್ ಎರಡು ಸಲ ಬಂದರೆ ಬಿಡಿಸಲು ಸಾಧ್ಯವೇ ಇಲ್ಲ, ಅಲ್ಲೇ ತಿರಸ್ಕರಿಸಬೇಕು. ಒಂದೇ ಸಲ ಬಂದರೆ ಬಿಟ್ಟ ಸೊನ್ನೆಗಳನ್ನು ತುಂಬಿ ಎಂಟು ಗುಂಪು ಮಾಡಬೇಕು. ಉಳಿಸಿಡುವಾಗ ಎಲ್ಲವನ್ನೂ ಒಂದೇ ನಿಯಮದಲ್ಲಿ ಮತ್ತೆ ಮೊಟಕು ಮಾಡಬೇಕು. ಜೊತೆಗೆ ನನಗೋಸ್ಕರ, ಪ್ರತಿ ಗುಂಪಿನ ಮುಂದೆ ಒಂದು, ಎರಡು, ಮೂರು ಎಂದು ಹೇಳಿ ಓದುವ ಇನ್ನೊಂದು ರೂಪವನ್ನೂ ಬರೆದೆ. ಅದು ಬಂದ ಮೇಲೆ ನನಗೆ ವಿಳಾಸಗಳು ಸರಿಯಾಗಿ ಕೇಳತೊಡಗಿದವು.

ಮರುವಾರ ಗೆಳತಿ ತನಗೆ ತೋಚಿದ ಕುತಂತ್ರಗಳನ್ನೆಲ್ಲ ಟೈಪ್ ಮಾಡಿದಳು. ಯಾವುದೂ ನುಸುಳಲಿಲ್ಲ. "ಹಾಗಾದರೆ ಹಳೇ ಗ್ರಾಹಕರ ವಿಳಾಸಗಳನ್ನೂ ಒಮ್ಮೆ ಇದರಲ್ಲಿ ಹಾಯಿಸಿ ನೋಡುವ," ಎಂದರು ಮ್ಯಾನೇಜರ್.

ಹಾಯಿಸಿದಾಗ ಒಂದು ಕಡೆ ತಡೆಯಿತು. ಇಬ್ಬರು ಗ್ರಾಹಕರಿಗೆ ಒಂದೇ ವಿಳಾಸ ಉಂಟು ಎನ್ನುತ್ತಿತ್ತು. ಮತ್ತೆ ನನ್ನ ಕೋಡೇ ತಪ್ಪಿತೆಂದುಕೊಂಡೆ. ಎರಡನ್ನೂ ನನ್ನ ರೂಪದಲ್ಲಿ ಗುಂಪು ಗುಂಪಾಗಿ ಕೇಳಿದೆ. ಮತ್ತೊಮ್ಮೆ ಕೇಳಿದೆ. ಎಂಟೂ ಗುಂಪು ಒಂದೇ.

"ಇಲ್ಲ, ನೋಡ್ಲಿಕ್ಕೆ ಬೇರೆ ಬೇರೆ ಉಂಟು," ಎಂದಳು ಗೆಳತಿ. ಒಂದನ್ನು ಯಾರೋ ದೊಡ್ಡಕ್ಷರಗಳಲ್ಲಿ, ಸೊನ್ನೆಗಳನ್ನೆಲ್ಲ ಸೇರಿಸಿ ಟೈಪ್ ಮಾಡಿದ್ದರು. ಇನ್ನೊಂದು ಮೊಟಕು. ಹಳೆಯ ಪ್ರೋಗ್ರಾಂ ಅಕ್ಷರಕ್ಕೆ ಅಕ್ಷರ ಹೋಲಿಸಿ ಎರಡೂ ಬೇರೆ ಎಂದು ತಿಳಿದಿತ್ತು. ಒಂದು ದೇರೆಬೈಲಿನ ಬೇಕರಿಯದ್ದು, ಇನ್ನೊಂದು ಒಂದು ಹಲ್ಲಿನ ಕ್ಲಿನಿಕ್‌ನದ್ದು.

"ಆ ಬೇಕರಿಯಾ?" ಮ್ಯಾನೇಜರ್ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. ನೆಟ್ ಬಂದು ಹೋಗಿ ಮಾಡುತ್ತದೆಂದು ಬೇಕರಿಯವರು ದೂರುತ್ತಲೇ ಇದ್ದರಂತೆ. ನಮ್ಮವರು ವಯರ್ ಬದಲಿಸಿದ್ದರು, ರೂಟರ್ ಬದಲಿಸಿದ್ದರು. ಒಂದೇ ವಿಳಾಸಕ್ಕೆ ಇಬ್ಬರು ಜಗ್ಗಾಡುತ್ತಿದ್ದಾರೆಂದು ಯಾರಿಗೂ ಗೊತ್ತಾಗಿರಲಿಲ್ಲ. ಆ ಮಧ್ಯಾಹ್ನ ಕ್ಲಿನಿಕ್‌ಗೆ ಹೊಸ ವಿಳಾಸ ಕೊಟ್ಟರು, ದೂರು ನಿಂತಿತು.

ಮ್ಯಾನೇಜರ್ ಹೊಗಳಲಿಲ್ಲ. "ಮುಂದಿನ ಕೆಲಸ ಸೋಮವಾರ ಕಳಿಸ್ತೇನೆ, ಸ್ವಲ್ಪ ಅರ್ಜೆಂಟ್ ಉಂಟು," ಎಂದು ಎದ್ದು ಹೋದರು. ಬೇರೆ ಯಾರಿಗೂ ಹೇಳುವ ಹಾಗೆಯೇ ಹೇಳಿದರು. ನನಗೆ ಬೇಕಾಗಿದ್ದದ್ದು ಅದೇ. ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಸ್ವಲ್ಪ ಅತ್ತೆ, ಮುಖ ತೊಳೆದು ಬಂದೆ.

ಆ ಕೋಡ್ ಈಗಲೂ ಓಡುತ್ತಿದೆ. ಗೆಳತಿ ಮೊನ್ನೆ ಅದಕ್ಕೆ ಕೈ ಹಾಕಿ ನನ್ನ ಸಣ್ಣ ಸಾಲುಗಳಲ್ಲಿ ಕೆಲವನ್ನು ಸೇರಿಸಿ ಉದ್ದ ಮಾಡಿದ್ದಾಳೆ, ವೇಗ ಹೆಚ್ಚುತ್ತದಂತೆ. ನಾನು ಕೂತು ಪೂರ್ತಿ ಕೇಳಿದೆ. ಎರಡು ಕಡೆ ಅವಳು ಹೇಳುವುದು ಸರಿ. ಮೂರನೆಯದನ್ನು ನಾನು ಒಪ್ಪುವುದಿಲ್ಲ, ನಾಳೆ ಅವಳ ಮೇಜಿಗೆ ಹೋಗಿ ಜಗಳ ಮಾಡಲಿಕ್ಕುಂಟು.