ಸಾಲಿನಲ್ಲೊಂದು ಬಿಳಿ ಹಲ್ಲು

ಡಾಕ್ಟರಮ್ಮ ಡ್ರಾಯರಿನಿಂದ ಮಾದರಿ ಹಲ್ಲುಗಳ ಸಾಲೊಂದನ್ನು ತೆಗೆದು, ಬಳೆಗಾರ ಕೈಯ ಹತ್ತಿರ ಬಳೆ ಹಿಡಿದು ನೋಡುವಂತೆ, ಒಂದೊಂದನ್ನೇ ನನ್ನ ಹಲ್ಲಿನ ಪಕ್ಕ ಹಿಡಿದು ನೋಡಿದರು. ಬಿಳಿ, ಕೆನೆ ಬಣ್ಣ, ಹಳದಿ, ಕೊನೆಗೆ ಮಣ್ಣಿನಂಥ ಕಂದು. ನನ್ನ ಮುಂದಿನ ಹಲ್ಲು ಮುರಿದಿತ್ತು. ಬೇರು ಸ್ವಚ್ಛ ಮಾಡಿ ಮೇಲೆ ಕ್ಯಾಪ್ ಹಾಕಬೇಕಿತ್ತು. "ಈ ಕಂದು ನಿಮಗೆ ಸರಿಯಾಗಿ ಹೊಂದುತ್ತೆ, ಕ್ಯಾಪ್ ಅಂತ ಗೊತ್ತೇ ಆಗಲ್ಲ," ಎಂದರು. ಮಾಗಡಿಯ ಆ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದವಳಿಗೆ ಅಕ್ಕನ ನೆನಪಾಯಿತು. ಅಯ್ಯೋ, ಇಷ್ಟು ವರ್ಷವಾದರೂ ನೆನಪಿಗಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚೇ...

ಅಕ್ಕ ನನ್ನ ಒಡಹುಟ್ಟಿದವಳಲ್ಲ. ಸಾತನೂರು ಕಡೆಯ ನಮ್ಮೂರಿನಲ್ಲಿ ಹಿಂದಿನ ಬೀದಿಯವಳು. ನನಗಿಂತ ದೊಡ್ಡವಳಾದ್ದರಿಂದ ಅಕ್ಕ. ನಮ್ಮೂರ ಬೋರ್‌ವೆಲ್ ನೀರು ಕುಡಿದು ಬೆಳೆದವರ ಹಲ್ಲೆಲ್ಲ ಕಂದು. ಎಷ್ಟು ತಿಕ್ಕಿದರೂ ಹೋಗದ ಕಲೆ. ಊರಿನಲ್ಲಿ ಎಲ್ಲರದೂ ಹಾಗೇ ಇದ್ದುದರಿಂದ ಅದೊಂದು ಮಾತೇ ಆಗಿರಲಿಲ್ಲ. ಹಾರೋಹಳ್ಳಿ ಕಡೆ ಹೊಲಗಳೆಲ್ಲ ಕಾರ್ಖಾನೆಗಳಾಗಿ, ಗಾರ್ಮೆಂಟ್ಸ್ ವ್ಯಾನು ನಮ್ಮೂರ ತನಕ ಬರತೊಡಗಿದ ಮೇಲೆ ನಾಚಿಕೆ ಶುರುವಾಯಿತು. ಬೇರೆ ಊರಿನ ಹುಡುಗಿಯರ ಬಿಳಿ ಹಲ್ಲಿನ ಮುಂದೆ ನಾನೂ ಅಕ್ಕನೂ ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಿದ್ದೆವು. ಊಟದ ಹೊತ್ತಿನಲ್ಲಿ ನಮ್ಮಿಬ್ಬರದೇ ಒಂದು ಮೂಲೆ. ಆ ಮೂಲೆ ನನಗೆ ತುಂಬ ಇಷ್ಟವಾಗಿತ್ತು.

ನಮ್ಮ ಹೊಲಿಗೆ ಮೆಷಿನ್ನುಗಳೂ ಅಕ್ಕಪಕ್ಕ. ದಾರ ಕತ್ತರಿಸಲು ಪ್ರತಿ ಮೆಷಿನ್ನಿಗೂ ಪುಟ್ಟ ಕತ್ತರಿಯೊಂದನ್ನು ಕಟ್ಟಿರುತ್ತಿದ್ದರು. ಆದರೆ ಟಾರ್ಗೆಟ್ ಮುಗಿಸುವ ಅವಸರದಲ್ಲಿ ಕತ್ತರಿ ಹುಡುಕುತ್ತ ಯಾರು ಕೂರುತ್ತಾರೆ? ಎಲ್ಲರೂ ಹಲ್ಲಲ್ಲೇ ಕಡಿಯುತ್ತಿದ್ದೆವು. ಕಡಿದು ಕಡಿದು ಮುಂದಿನ ಹಲ್ಲಿನ ತುದಿಯಲ್ಲಿ ಸಣ್ಣ ಕಚ್ಚು ಬೀಳುತ್ತಿತ್ತು. ಒಂದು ದಿನ ಜೀನ್ಸಿನ ದಪ್ಪ ದಾರ ಕಡಿಯುವಾಗ ಅಕ್ಕನ ಹಲ್ಲು ಅರ್ಧಕ್ಕೇ ಮುರಿದುಹೋಯಿತು.

ಆ ವರ್ಷದ ಬೋನಸ್ಸಿನಲ್ಲಿ ನಾನು ಬೆಳ್ಳಿ ಕಾಲ್ಗೆಜ್ಜೆ ಕೊಂಡೆ. ಅಕ್ಕ ಕನಕಪುರಕ್ಕೆ ಓಡಾಡಿ ಹಲ್ಲು ಮಾಡಿಸಿಕೊಂಡಳು. ಕ್ಯಾಪ್ ಕೂರಿಸಿಕೊಂಡ ಮಾರನೆಯ ಬೆಳಿಗ್ಗೆ ವ್ಯಾನ್ ಹತ್ತಿದವಳೇ ನನ್ನ ಮುಂದೆ ತುಟಿ ಎತ್ತಿ ತೋರಿಸಿದಳು. ಕಂದು ಹಲ್ಲುಗಳ ನಡುವೆ ಅದೊಂದೇ ಬೆಳ್ಳಗೆ ಹಾಲಿನ ಹಾಗಿತ್ತು.

"ಹೆಂಗೈತಮ್ಮಿ?"

"ಐತೆ," ಎಂದೆ. ಅಷ್ಟೇ.

"ಉಳಿದವುಕ್ಕೆ ಹೊಂದೋ ಹಂಗೆ ಕಂದುದೇ ಹಾಕ್ತೀನಿ ಅಂದ್ರು ಡಾಕ್ಟ್ರು. ಮಾಸಿದ ಸೀರೆಗೆ ತೇಪೆನೂ ಮಾಸಿರೋದೇ ಆಗ್ಬೇಕಾ ಸಾರ್ ಅಂದ್ಬುಟ್ಟೆ!"

ವ್ಯಾನಿಗೆ ವ್ಯಾನೇ ನಕ್ಕಿತು. "ಹಲ್ಲಲ್ಲ ಕಣಕ್ಕ ಅದು, ಟ್ಯೂಬ್‌ಲೈಟು!" ಎಂದು ಹಿಂದಿನ ಸೀಟಿನವಳೊಬ್ಬಳು ಕೂಗಿದಳು. ಅಕ್ಕನೂ ಜೋರಾಗಿ ನಕ್ಕಳು. ಬಾಯಿಗೆ ಕೈ ಹೋಗಲಿಲ್ಲ. ಕೈ ಮಡಿಲಲ್ಲೇ, ಊಟದ ಡಬ್ಬಿಯ ಮೇಲೇ ಇತ್ತು. ಬಾಯಿಯ ಮೇಲಿದ್ದದ್ದು ನನ್ನ ಕೈ ಒಂದೇ. ಹಲ್ಲು ಹಾಳಾಗಿಹೋಗಲಿ, ಆ ಕೈ ಕೆಳಗಿಳಿದದ್ದು ನೋಡಿ ನನ್ನ ಹೊಟ್ಟೆ ಧಗಧಗ ಉರಿಯಿತು. ಒಂದು ಹಲ್ಲು ಬೆಳ್ಳಗಾಯಿತು ಸರಿ, ಮಿಕ್ಕವೆಲ್ಲ ಕಂದಾಗೇ ಇವೆಯಲ್ಲ, ಇವಳಿಗೇನು ಇಷ್ಟು ಧಿಮಾಕು ಎಂದುಕೊಂಡೆ. ಕಾಲ್ಗೆಜ್ಜೆ ಹಾಕಿಕೊಂಡು ಎಲ್ಲರ ಮುಂದೆ ಬೇಕೆಂದೇ ಓಡಾಡಿದೆ. ಯಾರೊಬ್ಬರೂ ನನ್ನ ಕಾಲು ನೋಡಲಿಲ್ಲ.

ಆಮೇಲೆ ಆ ಹಲ್ಲಿಗೆ ನಡೆದ ಉಪಚಾರ ನೋಡಬೇಕಿತ್ತು! ಇದ್ದಿಲು ಹೋಗಿ ಮೆತ್ತನೆಯ ಬ್ರಷ್ ಬಂತು. ಊಟವಾದ ಮೇಲೆ ನಲ್ಲಿಯ ಹತ್ತಿರ ನಿಂತು, ವಸಡಿನ ಅಂಚಿಗೆ ಬ್ರಷ್ ಇಟ್ಟು, ಎಳೆ ಮಗುವಿಗೆ ಎಣ್ಣೆ ಹಚ್ಚುವ ಹಾಗೆ ಮೆಲ್ಲಗೆ ಉಜ್ಜುವಳು. ಕಬ್ಬು ಮುಟ್ಟುತ್ತಿರಲಿಲ್ಲ. ಸೀಬೆಕಾಯಿಯನ್ನೂ ಹೋಳು ಮಾಡಿ ಪಕ್ಕದ ಹಲ್ಲಲ್ಲಿ ತಿನ್ನುವಳು. ಕತ್ತರಿಯನ್ನಂತೂ ಕೊರಳಿಗೇ ಕಟ್ಟಿಕೊಂಡಿದ್ದಳು. ತನ್ನ ದಾರ ಕತ್ತರಿಸಿದ ಮೇಲೆ ನನ್ನ ಮೆಷಿನ್ನಿನ ಕಡೆಗೂ ಬಗ್ಗಿ ಬರುವಳು. "ಕಚ್ಬ್ಯಾಡ ಕಣಮ್ಮಿ, ನಿಂದೂ ಹೋಯ್ತದೆ." ಆ ಮಾತಿಗೇ ಸಿಟ್ಟು ಬಂದು ನಾನು ಅವಳಿಗೆ ಕಾಣುವ ಹಾಗೆ ಇನ್ನೂ ಬಿರುಸಾಗಿ ಕಡಿಯುತ್ತಿದ್ದೆ...

ಬೇರೆ ಹುಡುಗಿಯರು ಅವಳನ್ನು ಊಟಕ್ಕೆ ಕರೆಯತೊಡಗಿದರು. "ಬಾರಮ್ಮಿ, ನೀನೂ ಬಾ," ಎಂದು ಅಕ್ಕ ನನ್ನ ಕೈ ಹಿಡಿದು ಎಳೆದಳು. ನಾನು ಹೋಗಲಿಲ್ಲ. ನಮ್ಮ ಮೂಲೆಯಲ್ಲಿ ಒಬ್ಬಳೇ ಕೂತು ಮುದ್ದೆ ನುಂಗಿದೆ.

ಮದುವೆಯಾಗಿ ಮಾಗಡಿಗೆ ಬಂದೆ. ಬಸ್ಸು ಬದಲಾಯಿಸಿ ಊರು ಮುಟ್ಟುವಷ್ಟರಲ್ಲಿ ದಿನವೇ ಮುಗಿಯುತ್ತದೆ ಎಂಬ ನೆಪ ಸಿಕ್ಕಿತು. ಜಾಂಡಿಸ್ ಆಗಿ ಅಕ್ಕ ಹೋಗಿಬಿಟ್ಟಳು ಎಂದು ತಿಳಿದ ಮೇಲಷ್ಟೇ, ತಿಥಿಯ ದಿನ ಹೋದೆ. ಗೋಡೆಗೆ ಒರಗಿಸಿದ್ದ ಫೋಟೋಗೆ ಸೇವಂತಿಗೆ ಹಾರ ಹಾಕಿದ್ದರು. ಅಂಥ ಫೋಟೋಗಳಲ್ಲಿ ಜನ ಮುಖ ಬಿಗಿದುಕೊಂಡು ಕೂತಿರುತ್ತಾರೆ. ಇವಳು ಅಲ್ಲೂ ಬಾಯಿ ತುಂಬ ನಗುತ್ತಿದ್ದಳು, ಆ ಹಲ್ಲು ಬಿಟ್ಟುಕೊಂಡು.

"ನಗ್ದೇ ಇರೋ ಫೋಟೋ ಒಂದೂ ಸಿಗ್ಲಿಲ್ಲ ಕಣವ್ವಾ," ಎಂದು ಅವಳ ತಾಯಿ ಅತ್ತರು. ನಾನೂ ಅತ್ತೆ. ಅಳುತ್ತಲೇ ಹೊಟ್ಟೆಕಿಚ್ಚೂ ಪಟ್ಟೆ, ಸುಳ್ಳು ಯಾಕೆ ಹೇಳಲಿ? ನನ್ನ ಮದುವೆ ಆಲ್ಬಮ್ಮಿನಲ್ಲಿ ಎಲ್ಲಿ ಹುಡುಕಿದರೂ ನನ್ನ ಹಲ್ಲು ಕಾಣುವುದಿಲ್ಲ.

ಅವಳು ಹೇಳಿದಂತೆ ನನ್ನದೂ ಹೋಯಿತು. ದಾರ ಕಡಿದು ಕಚ್ಚು ಬಿದ್ದಿದ್ದ ಅದೇ ಹಲ್ಲು, ಹೋದ ತಿಂಗಳು ಚಕ್ಕುಲಿ ಕಡಿಯುವಾಗ ಅಲ್ಲಿಂದಲೇ ಸೀಳಿತು.

"ಹಾಗಾದ್ರೆ ಈ ಕಂದೇ ಇರ್ಲಾ?" ಎಂದು ಡಾಕ್ಟರಮ್ಮ ಕೇಳಿದರು.

"ಬ್ಯಾಡಿ. ಬಿಳೀದೇ ಹಾಕಿ."

"ಎದ್ದು ಕಾಣುತ್ತಮ್ಮ."

"ಕಾಣ್ಲಿ ಬುಡಿ."

ನಿನ್ನೆ ಕೂರಿಸಿದರು. "ಮೆತ್ತನೆಯ ಬ್ರಷ್ ಬಳಸಿ, ವಸಡಿನ ಹತ್ತಿರ ಚೆನ್ನಾಗಿ ಉಜ್ಜಿ, ಗಟ್ಟಿ ಪದಾರ್ಥ ಕಚ್ಚಬೇಡಿ," ಎಂದು ಹೇಳಿದರು. ನನಗೆ ಎಲ್ಲ ಗೊತ್ತಿದ್ದದ್ದೇ. ಕನ್ನಡಿ ಕೊಟ್ಟಾಗ ಅಭ್ಯಾಸದ ಕೈ ಬಾಯಿಯ ಕಡೆ ಎದ್ದಿತು. ಅದನ್ನು ಹಿಡಿದು ಮಡಿಲಲ್ಲಿಟ್ಟುಕೊಂಡು ನಕ್ಕೆ.

ಮನೆಗೆ ಬಂದು ತೋರಿಸಿದೆ. ಗಂಡ ಪೇಪರಿನಿಂದ ತಲೆಯೆತ್ತಿ ಚೆನ್ನಾಗಿದೆ ಎಂದ. ಪಕ್ಕದ ಮನೆಯವಳೂ ಹಾಗೇ ಎಂದಳು. ಯಾರ ಹೊಟ್ಟೆಯೂ ಉರಿಯಲಿಲ್ಲ. ಹೆಂಗೈತಕ್ಕ ಎಂದು ನಾನು ಕೇಳಬೇಕಾಗಿದ್ದವಳು ಒಬ್ಬಳೇ... ಅವಳಾಗಿದ್ದರೆ "ಐತೆ" ಎಂದಷ್ಟೇ ಹೇಳಿ ಸುಮ್ಮನಾಗುತ್ತಿರಲಿಲ್ಲ.